ಮಕ್ಕಳ ಮನೆಗೆಂದು ಲಿವರ್‌ಪೂಲ್‌ಗೆ ಹೋದಾಗ ಆ ಊರನ್ನು ಓದುವುದು ಹೇಗೆ

ನಮ್ಮ ಕೊಡಗಿನ ಎಷ್ಟೋ ಮನೆಗಳಲ್ಲಿ ಈಗ ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದಾರೆ. ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಂದು ಹೋದ ಮೇಲೆ ಅಪ್ಪ ಅಮ್ಮ ಎರಡು ಮೂರು ತಿಂಗಳಿಗೆ ಅಂತ ಹೊರಡುತ್ತಾರೆ. ಹೋದ ಮೇಲೆ ಏನು? ಮಕ್ಕಳು ಬೆಳಗ್ಗೆ ಡ್ಯೂಟಿಗೆ ಹೋದರೆ ಸಂಜೆಯವರೆಗೆ ಕಿಟಕಿ ನೋಡುತ್ತಾ ಕೂರಬೇಕು. ಲಿವರ್‌ಪೂಲ್‌ನಲ್ಲಿ ಮಗಳ ಮನೆಯಲ್ಲಿ ನಾನೂ ಮೊದಲ ವಾರ ಹಾಗೇ ಕಳೆದೆ. ಎರಡನೇ ವಾರ ಒಂದು ನೋಟ್‌ಬುಕ್ ಹಿಡಿದು ನಡೆಯಲು ಶುರು ಮಾಡಿದೆ. ವಾಪಸ್ ಬರುವ ಹೊತ್ತಿಗೆ ಆ ಊರು ನನಗೆ ನೆಂಟರ ಊರಿನಷ್ಟೇ ಹತ್ತಿರವಾಗಿತ್ತು. ನಾನು ಹೇಗೆ ನೋಡಿದೆ, ನೀವು ಹೇಗೆ ನೋಡಬಹುದು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಇತಿಹಾಸ ಓದಿರಬೇಕು ಅಂತೇನಿಲ್ಲ. ಕಣ್ಣು, ಕಾಲು ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಆಯಿತು.

ಅಭ್ಯಾಸವನ್ನು ಮಾತ್ರ ಇಲ್ಲೇ, ಮಡಿಕೇರಿಯಲ್ಲೇ ಮಾಡಿಕೊಂಡು ಹೋಗಿ. ಕೋಟೆಗೆ ಅರ್ಧ ದಿನ ಕೊಡಿ. ನಾವು ಏನೋ ಕೆಲಸಕ್ಕೆ ಅಂತ ಅದರ ಬಾಗಿಲಲ್ಲಿ ನೂರು ಸಲ ಓಡಾಡಿರುತ್ತೇವೆ, ಆದರೆ ನಿಂತು ನೋಡಿರುವುದಿಲ್ಲ. ಮೊದಲು ಅದು ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟವನು ಟಿಪ್ಪು. ಒಳಗಿನ ಅರಮನೆ 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೆ ಅಲ್ಲೊಂದು ಚರ್ಚ್ ಬಂತು, ಈಗ ಅದು ಮ್ಯೂಸಿಯಂ. ಗಡಿಯಾರದ ಗೋಪುರ ಸೇರಿದ್ದು 1933ರಲ್ಲಿ. ಒಂದೇ ಆವರಣದಲ್ಲಿ ಇಷ್ಟು ಪದರ! ಪ್ರತಿಯೊಂದರ ಮುಂದೆ ನಿಂತು ಮೂರೇ ಪ್ರಶ್ನೆ ಕೇಳಿಕೊಳ್ಳಿ. ಇದಕ್ಕೆ ಮುಂಚೆ ಇಲ್ಲಿ ಏನಿತ್ತು? ಇದನ್ನು ಯಾವುದರಿಂದ ಕಟ್ಟಿದರು, ಅದು ಎಲ್ಲಿಂದ ಬಂತು? ದುಡ್ಡು ಯಾರದ್ದು, ಬೆವರು ಯಾರದ್ದು? ಲಿವರ್‌ಪೂಲ್‌ನಲ್ಲಿ ನಾನು ಕೇಳಿದ್ದೂ ಇವೇ ಮೂರು ಪ್ರಶ್ನೆ. ಮೂರನೆಯದಕ್ಕೆ ಉತ್ತರ ಸುಲಭಕ್ಕೆ ಸಿಗುವುದಿಲ್ಲ, ಆದರೆ ಅದನ್ನು ಬಿಟ್ಟರೆ ಬರೀ ಫೋಟೋ ತೆಗೆದುಕೊಂಡು ಬಂದ ಹಾಗೆ.

ಅಲ್ಲಿ ಇಳಿದ ಮೇಲೆ ಮೊದಲ ಕೆಲಸ ಹಳೇ ನಕ್ಷೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಇಂಗ್ಲೆಂಡಿನ ಹಳೆಯ ಸರ್ವೆ ನಕ್ಷೆಗಳೂ ಇವೆ. ದುಡ್ಡು ಕೊಡಬೇಕಿಲ್ಲ. ಇಂದಿನ ನಕ್ಷೆಯ ಮೇಲೆ ನೂರು ವರ್ಷ ಹಿಂದಿನ ನಕ್ಷೆಯನ್ನು ಹೊದಿಸಿ, ಬೆರಳಲ್ಲಿ ಎಳೆದು ಒಂದನ್ನು ಮಸುಕು ಮಾಡಿ ಇನ್ನೊಂದನ್ನು ನೋಡಬಹುದು. ಮಗಳ ಕೈಯಲ್ಲಿ ಒಂದು ಸಲ ತೆರೆಸಿಕೊಂಡೆ, ಆಮೇಲೆ ನಾನೇ ಕಲಿತೆ. ಮನೆಯ ರಸ್ತೆಯಿಂದಲೇ ಶುರು ಮಾಡಿ. ನೀವು ಹಾಲು ತರಲು ಹೋಗುವ ಅಂಗಡಿಯ ಜಾಗದಲ್ಲಿ ಹಿಂದೆ ಏನಿತ್ತು ಅಂತ ಗೊತ್ತಾದ ಕ್ಷಣಕ್ಕೇ ಊರು ಬೇರೆ ಥರ ಕಾಣತೊಡಗುತ್ತದೆ.

ಊರಿನ ಹಳೆಯ ಭಾಗ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಜಾನ್ ರಾಜ 1207ರಲ್ಲಿ ಸನ್ನದು ಕೊಟ್ಟು ಊರು ಮಾಡಿದಾಗ ಇದ್ದದ್ದು ಏಳು ಬೀದಿ, ಇಂಗ್ಲಿಷಿನ ಎಚ್ ಅಕ್ಷರವನ್ನು ಬಿಡಿಸಿದ ಹಾಗೆ. ಕ್ಯಾಸಲ್ ಸ್ಟ್ರೀಟ್, ಡೇಲ್ ಸ್ಟ್ರೀಟ್, ವಾಟರ್ ಸ್ಟ್ರೀಟ್, ಚಾಪೆಲ್ ಸ್ಟ್ರೀಟ್, ಟೈದ್‌ಬಾರ್ನ್ ಸ್ಟ್ರೀಟ್, ಓಲ್ಡ್ ಹಾಲ್ ಸ್ಟ್ರೀಟ್, ಹೈ ಸ್ಟ್ರೀಟ್. ಎಲ್ಲವೂ ಇವತ್ತಿಗೂ ಇವೆ. ನಿಧಾನವಾಗಿ ನಡೆದರೂ ಒಂದು ಬೆಳಗ್ಗೆ ಸಾಕು. ಕ್ಯಾಸಲ್ ಸ್ಟ್ರೀಟಿನಲ್ಲಿ ಕೋಟೆಯನ್ನು ಹುಡುಕಬೇಡಿ, ಅದನ್ನು 18ನೇ ಶತಮಾನದಲ್ಲೇ ಕೆಡವಿದ್ದಾರೆ. ಕಟ್ಟಡ ಹೋದರೂ ಬೀದಿಯ ಹೆಸರು ಉಳಿಯುತ್ತದೆ. ನಮ್ಮಲ್ಲೂ ಹಾಗೇ ಅಲ್ವಾ, ಕೆರೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಜನ ಕೆರೆ ಬೀದಿ ಅಂತಲೇ ಕರೆಯುತ್ತಾರೆ.

ಕೆರೆ ಅಂದಾಗ ನೆನಪಾಯಿತು. ಲಿವರ್‌ಪೂಲ್ ಹೆಸರಿನಲ್ಲಿರುವ ಪೂಲ್ ಒಂದು ನಿಜವಾದ ಹಿನ್ನೀರಿನ ಕೊಲ್ಲಿ. ಮರ್ಸಿ ನದಿಯಿಂದ ಊರೊಳಗೆ ನುಗ್ಗಿದ್ದ ನೀರು. ಇವತ್ತು ವೈಟ್‌ಚಾಪೆಲ್, ಪ್ಯಾರಡೈಸ್ ಸ್ಟ್ರೀಟ್ ಅಂತ ಜನ ಶಾಪಿಂಗ್ ಮಾಡುವ ರಸ್ತೆಗಳು ಹೋಗುವುದು ಆ ನೀರು ಹರಿಯುತ್ತಿದ್ದ ಜಾಡಿನಲ್ಲೇ. ಬೆಂಗಳೂರಿನ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಹಾಗೇ ಇದೂ. ಅಲ್ಲಿ ನಿಂತು ಎರಡೂ ಕಡೆ ನೋಡಿ, ರಸ್ತೆ ತಗ್ಗಿನಲ್ಲಿದೆ, ಪಕ್ಕದ ಬೀದಿಗಳು ಏರು. ಗುಡ್ಡದಲ್ಲಿ ಹುಟ್ಟಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ನೀರು ಎಲ್ಲಿ ಹರಿದಿತ್ತು ಅಂತ ಕಾಲಿಗೇ ಗೊತ್ತಾಗುತ್ತದೆ.

ಈ ಕೊಲ್ಲಿಯ ಬಾಯಲ್ಲೇ ಊರಿನ ಹಣೆಬರಹ ಬದಲಾಗಿದ್ದು. ಮರ್ಸಿಯಲ್ಲಿ ಉಬ್ಬರ ಇಳಿತ ಬಹಳ ಜೋರು. ಕೆಲವು ದಿನ ನೀರು ಹತ್ತು ಮೀಟರ್‌ವರೆಗೂ ಏರಿ ಇಳಿಯುತ್ತದೆ. ನೀರು ಇಳಿದಾಗ ಹಡಗು ಕೆಸರಿನಲ್ಲಿ ವಾಲಿಕೊಂಡು ನಿಲ್ಲುತ್ತಿತ್ತು, ಸರಕು ಇಳಿಸಲು ದಿನಗಟ್ಟಲೆ ಬೇಕಾಗುತ್ತಿತ್ತು. ಥಾಮಸ್ ಸ್ಟೀರ್ಸ್ ಅನ್ನುವ ಎಂಜಿನಿಯರ್ ಕೊಲ್ಲಿಯ ಬಾಯಿಗೆ ಗೋಡೆ ಕಟ್ಟಿ ಗೇಟ್ ಇಟ್ಟ. ಉಬ್ಬರದಲ್ಲಿ ಹಡಗು ಒಳಗೆ ಬರಬೇಕು, ಗೇಟ್ ಮುಚ್ಚಬೇಕು, ಹೊರಗೆ ನದಿ ಎಷ್ಟೇ ಇಳಿದರೂ ಒಳಗೆ ನೀರು ಅಷ್ಟೇ ಇರಬೇಕು. ಕೆರೆಗೆ ತೂಬು ಇಟ್ಟು ನೀರು ಹಿಡಿದ ನಮಗೆ ಈ ವಿಷಯ ತಟ್ಟನೆ ಅರ್ಥವಾಗುತ್ತದೆ. 1715ರಲ್ಲಿ ಅದು ತೆರೆಯಿತು. ಸುಮಾರು ನೂರು ಹಡಗು ಹಿಡಿಯುವಷ್ಟು ಜಾಗ. ವ್ಯಾಪಾರದ ಹಡಗುಗಳಿಗಾಗಿ ಹೀಗೆ ಗೇಟ್ ಹಾಕಿ ಕಟ್ಟಿದ ಡಾಕ್ ಜಗತ್ತಿನಲ್ಲಿ ಅದೇ ಮೊದಲು ಅಂತ ಹೇಳುತ್ತಾರೆ. ಹಡಗುಗಳು ದೊಡ್ಡವಾದ ಮೇಲೆ, 1826ರಲ್ಲಿ ಅದನ್ನು ಮುಚ್ಚಿ ಮೇಲೆ ಕಟ್ಟಡ ಕಟ್ಟಿದರು. 2001ರಲ್ಲಿ ಅಗೆದು ನೋಡಿದಾಗ ಇಟ್ಟಿಗೆಯ ಗೋಡೆ ಗಟ್ಟಿಯಾಗಿ ಹಾಗೇ ಕೂತಿತ್ತು. ಈಗ ಅದರ ಮೇಲೆ ಲಿವರ್‌ಪೂಲ್ ಒನ್ ಅನ್ನುವ ದೊಡ್ಡ ಶಾಪಿಂಗ್ ಸೆಂಟರ್ ಇದೆ. ಥಾಮಸ್ ಸ್ಟೀರ್ಸ್ ವೇ ಅನ್ನುವ ದಾರಿಯಲ್ಲಿ ನೆಲಕ್ಕೇ ಒಂದು ಗಾಜಿನ ಕಿಂಡಿ ಇಟ್ಟಿದ್ದಾರೆ, ಬಗ್ಗಿ ನೋಡಿ. ಕೆಳಗೆ ಇಳಿದು ನೋಡುವ ಟೂರ್ ಕೂಡ ಇದೆ, ಆದರೆ ಮೊದಲೇ ಬುಕ್ ಮಾಡಬೇಕು. ನಾನು ಬುಕ್ ಮಾಡದೆ ಹೋಗಿ ಒಂದು ದಿನ ಕಳೆದುಕೊಂಡೆ.

ಅಲ್ಲಿಂದ ನದಿಯ ಕಡೆ ಐದು ಹತ್ತು ನಿಮಿಷ ನಡೆದರೆ ಆಲ್ಬರ್ಟ್ ಡಾಕ್. ಇಲ್ಲಿಗೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಎಲ್ಲರೂ ಕಾಫಿ ಕುಡಿದು, ಸೆಲ್ಫಿ ತೆಗೆದು ಹೋಗುವ ಜಾಗ ಇದು. ಕಾಫಿ ಗೋದಾಮು ನೋಡಿ ಬೆಳೆದ ನಾವು ಇದನ್ನು ಗೋದಾಮಾಗಿಯೇ ನೋಡೋಣ. 1846ರಲ್ಲಿ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಬಂದು ಉದ್ಘಾಟಿಸಿದ್ದು. ಕಟ್ಟಿದವರು ಜೆಸ್ಸಿ ಹಾರ್ಟ್ಲಿ ಮತ್ತು ಫಿಲಿಪ್ ಹಾರ್ಡ್‌ವಿಕ್. ಹತ್ತಿ, ಚಹಾ, ರೇಷ್ಮೆ, ತಂಬಾಕು, ಸಕ್ಕರೆ, ಬ್ರಾಂಡಿ ಎಲ್ಲ ಒಂದೇ ಕಡೆ ತುಂಬಿದ್ದರೆ ಒಂದು ಕಿಡಿ ಸಾಕು. ಅದಕ್ಕೇ ಹಾರ್ಟ್ಲಿ ಕಟ್ಟಡದ ಭಾರ ಹೊರುವ ಕಡೆ ಎಲ್ಲೂ ಮರವನ್ನೇ ಬಳಸಲಿಲ್ಲ. ಬೀಡು ಕಬ್ಬಿಣ, ಇಟ್ಟಿಗೆ, ಕಲ್ಲು, ಇಷ್ಟೇ.

ಕಂಬದ ಹತ್ತಿರ ಹೋಗಿ ಕೈಯಿಟ್ಟು ನೋಡಿ. ಆ ದಪ್ಪ ಕಂಬಗಳು ಬೀಡು ಕಬ್ಬಿಣದ್ದು, ಒಳಗೆ ಟೊಳ್ಳು. ಸಾಲು ಕಂಬಗಳ ನಡುವೆ ಅಲ್ಲಲ್ಲಿ ಒಂದೊಂದು ಅಗಲದ ಕಮಾನು ಬರುತ್ತದೆ, ಅದು ಚೆಂದಕ್ಕೆ ಮಾಡಿದ್ದಲ್ಲ, ಕ್ರೇನ್ ಸರಕು ಎತ್ತಿ ತಿರುಗಿಸಲು ಜಾಗ ಬೇಕಲ್ಲ, ಅದಕ್ಕೆ. ಕಟ್ಟಡ ನೀರಿನ ಅಂಚಿಗೇ ತಾಗಿಕೊಂಡಿರುವುದನ್ನು ಗಮನಿಸಿ. ಹಡಗಿನಿಂದ ಸರಕು ನೇರ ಗೋದಾಮಿಗೆ, ನಡುವೆ ಮಳೆಯೂ ಇಲ್ಲ, ಕಳ್ಳರೂ ಇಲ್ಲ. ಆಮೇಲೆ ಡಾಕ್‌ನ ಗ್ರಾನೈಟ್ ಗೋಡೆ ನೋಡಿ. ಹಾರ್ಟ್ಲಿ ಕಲ್ಲುಗಳನ್ನು ಒಂದೇ ಅಳತೆಗೆ ಕಡಿಸುತ್ತಿರಲಿಲ್ಲ. ದೊಡ್ಡದು, ಸಣ್ಣದು, ಮೂಲೆ ಮುರಿದದ್ದು ಎಲ್ಲವನ್ನೂ ಒಂದಕ್ಕೊಂದು ಒಗ್ಗುವಂತೆ ಕೂರಿಸಿದ್ದಾನೆ. ಸಂದಿನಲ್ಲಿ ಉಗುರು ತೂರಿಸುವುದೂ ಕಷ್ಟ. ನಾನು ಆ ಗೋಡೆಯ ಮುಂದೆ ಕಳೆದಷ್ಟು ಹೊತ್ತು ಯಾವ ಮ್ಯೂಸಿಯಂನಲ್ಲೂ ಕಳೆಯಲಿಲ್ಲ.

ಇಷ್ಟು ಗಟ್ಟಿಯಾಗಿ ಕಟ್ಟಿದ್ದೂ ಬಹಳ ಕಾಲ ಉಪಯೋಗಕ್ಕೆ ಬರಲಿಲ್ಲ. ಹಾಯಿ ಹಡಗಿಗೆ ಅಂತ ಮಾಡಿದ ಬಾಗಿಲು ಉಗಿ ಹಡಗಿಗೆ ಚಿಕ್ಕದಾಯಿತು. 1972ರಲ್ಲಿ ಪೂರ್ತಿ ಮುಚ್ಚಿದರು, ಹೂಳು ತುಂಬಿತು, ಕೆಡವಿ ಬಿಡೋಣ ಅನ್ನುವ ಮಾತೂ ಬಂದಿತ್ತು. ಕೆಡವದೆ ರಿಪೇರಿ ಮಾಡಿ 1988ರಲ್ಲಿ ಮತ್ತೆ ತೆರೆದರು. ಬಳಕೆ ಬದಲಾದರೂ ಗೋಡೆ ಉಳಿಯಿತು. ನಮ್ಮ ಹಳೇ ಕಟ್ಟಡಗಳ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಈ ಡಾಕ್ ನೆನಪಾಗುತ್ತದೆ.

ಇನ್ನು ಮೂರನೇ ಪ್ರಶ್ನೆ. ಅದಕ್ಕೆ ವಾಟರ್ ಸ್ಟ್ರೀಟಿನ ಮೇಲ್ತುದಿಗೆ, ಟೌನ್ ಹಾಲ್ ಮುಂದೆ ಹೋಗಿ ನಿಲ್ಲಿ. 1749ರಿಂದ 1754ರ ನಡುವೆ ಜಾನ್ ವುಡ್ ಕಟ್ಟಿದ್ದು. ಎಲ್ಲರೂ ಗುಮ್ಮಟ ನೋಡುತ್ತಾರೆ. ನೀವು ಅದಕ್ಕಿಂತ ಕೆಳಗೆ, ಗೋಡೆಯ ಮೇಲ್ಭಾಗದ ಕೆತ್ತನೆಯ ಪಟ್ಟಿ ನೋಡಿ. ಫೋನಿನ ಕ್ಯಾಮೆರಾದಲ್ಲಿ ಝೂಮ್ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಆಫ್ರಿಕಾದ ಜನರ ಮುಖಗಳು, ಆನೆ, ಸಿಂಹ. ನನಗೆ ಮಡಿಕೇರಿ ಕೋಟೆಯ ಎರಡು ಗಾರೆ ಆನೆಗಳು ನೆನಪಾಗಿ ಮೊದಲು ಖುಷಿಯಾಯಿತು. ಆಮೇಲೆ ಪಕ್ಕದ ಮುಖ ನೋಡಿ ಸುಮ್ನಾದೆ. ಈ ಆನೆ ಅಲ್ಲಿಗೆ ಬಂದಿದ್ದು ದಂತದ ವ್ಯಾಪಾರದಿಂದ. ಆ ಮುಖ ಬಂದಿದ್ದು ಮನುಷ್ಯರ ವ್ಯಾಪಾರದಿಂದ.

ಇದನ್ನು ತಿಳಿಯದೆ ಲಿವರ್‌ಪೂಲ್ ನೋಡಿದರೆ ಅರ್ಧವೂ ನೋಡಿದ ಹಾಗಾಗುವುದಿಲ್ಲ. ಇಲ್ಲಿಂದ ಬಟ್ಟೆ, ಲೋಹದ ಸಾಮಾನು ತುಂಬಿಕೊಂಡ ಹಡಗು ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು, ಅಲ್ಲಿ ಮನುಷ್ಯರನ್ನು ಕೊಂಡು ಕೆರಿಬಿಯನ್ ದ್ವೀಪಗಳಿಗೆ, ಅಮೆರಿಕಕ್ಕೆ ಸಾಗಿಸುತ್ತಿತ್ತು, ಬರುವಾಗ ಸಕ್ಕರೆ, ತಂಬಾಕು, ಹತ್ತಿ ತರುತ್ತಿತ್ತು. 1807ರಲ್ಲಿ ಬ್ರಿಟನ್ ಈ ವ್ಯಾಪಾರವನ್ನು ನಿಷೇಧಿಸುವವರೆಗೆ ಲಿವರ್‌ಪೂಲ್ ಹಡಗುಗಳು ಸಾಗಿಸಿದ ಆಫ್ರಿಕನ್ನರು ಸುಮಾರು 15 ಲಕ್ಷ. ಊರಿನ ನಡುವೆ ಉಳಿದಿರುವ ಅತಿ ಹಳೆಯ ಕಟ್ಟಡ ಬ್ಲೂಕೋಟ್, 1710ರ ದಶಕದಲ್ಲಿ ಬಡ ಮಕ್ಕಳ ಶಾಲೆಗೆ ಅಂತ ಕಟ್ಟಿದ್ದು. ಅದಕ್ಕೆ ದುಡ್ಡು ಕೊಟ್ಟ ಹಡಗಿನ ಯಜಮಾನ ಬ್ರಯನ್ ಬ್ಲಂಡೆಲ್ ಕೂಡ ಈ ವ್ಯಾಪಾರದಲ್ಲಿದ್ದವನೇ. ಒಳ್ಳೆಯ ಕೆಲಸ, ಕೆಟ್ಟ ದುಡ್ಡು. ಎರಡನ್ನೂ ಒಟ್ಟಿಗೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಹೀಗೆ ವ್ಯಾಪಾರ ಮಾಡಿದವರ ಹೆಸರು ಹೊತ್ತ ಕೆಲವು ಬೀದಿಗಳಲ್ಲಿ ಈಚಿನ ವರ್ಷಗಳಲ್ಲಿ ವಿವರಣೆಯ ಫಲಕ ಹಾಕಿದ್ದಾರೆ, ನಿಂತು ಓದಿ. ಆಲ್ಬರ್ಟ್ ಡಾಕ್‌ನಲ್ಲಿ 2007ರಲ್ಲಿ ಶುರುವಾದ ಗುಲಾಮಗಿರಿಯ ಮ್ಯೂಸಿಯಂ ಇದೆ. ಅದನ್ನು ಈಚೆಗೆ ದೊಡ್ಡ ರಿಪೇರಿಗೆ ಮುಚ್ಚಿದ್ದರಿಂದ ತೆರೆದಿದೆಯೇ ಅಂತ ವಿಚಾರಿಸಿಕೊಂಡೇ ಹೋಗಿ.

ಈ ಪ್ರಶ್ನೆ ಕೇಳುವಾಗ ಅವಸರ ಬೇಡ. ಟೌನ್ ಹಾಲ್ ಹಿಂದಿನ ಅಂಗಳದಲ್ಲಿ ಬ್ರಿಟಿಷ್ ನೌಕಾಪಡೆಯ ಸೇನಾನಿ ನೆಲ್ಸನ್‌ನ 1813ರ ಸ್ಮಾರಕ ಇದೆ, ಕೆಳಗೆ ಸರಪಳಿ ಬಿಗಿದ ನಾಲ್ಕು ಗಂಡಸರ ವಿಗ್ರಹಗಳಿವೆ. ನೋಡಿದ ಕೂಡಲೇ ಗುಲಾಮರು ಅನ್ನಿಸುತ್ತದೆ. ಅಲ್ಲ, ಅವರು ನೆಲ್ಸನ್ ಗೆದ್ದ ನಾಲ್ಕು ಯುದ್ಧಗಳನ್ನು ಸೂಚಿಸುವ ಕೈದಿಗಳು. ಅನ್ನಿಸಿದ್ದನ್ನು ಒಂದು ಕಡೆ, ತಿಳಿದದ್ದನ್ನು ಇನ್ನೊಂದು ಕಡೆ ಬರೆಯುವ ಅಭ್ಯಾಸ ನನಗೆ ಬಂದಿದ್ದು ಅಲ್ಲಿಂದಲೇ. ಎಡಗಡೆ ಪುಟ ಅನಿಸಿಕೆಗೆ, ಬಲಗಡೆ ಪುಟ ಓದಿ ಖಚಿತ ಮಾಡಿಕೊಂಡದ್ದಕ್ಕೆ.

ವಾಟರ್ ಸ್ಟ್ರೀಟಿನಲ್ಲಿ ಇಳಿಯುತ್ತಾ ಓರಿಯಲ್ ಚೇಂಬರ್ಸ್ ತಪ್ಪಿಸಬೇಡಿ. 1864ರಲ್ಲಿ ಪೀಟರ್ ಎಲ್ಲಿಸ್ ಕಟ್ಟಿದ ಆಫೀಸು. ಕಬ್ಬಿಣದ ಚೌಕಟ್ಟು, ಮುಂದೆ ಉಬ್ಬಿ ನಿಂತ ಗಾಜಿನ ಕಿಟಕಿಗಳ ಸಾಲು. ಇವತ್ತು ಬೆಂಗಳೂರಿನಲ್ಲಿ ಬೀದಿಗೊಂದು ಗಾಜಿನ ಕಟ್ಟಡ ಇದೆಯಲ್ಲ, ಅದರ ಮುತ್ತಜ್ಜ ಅನ್ನಬಹುದು. ಆ ಕಾಲದಲ್ಲಿ ಇದನ್ನು ಬಾಯಿಗೆ ಬಂದ ಹಾಗೆ ಬೈದರು, ಎಲ್ಲಿಸ್ ಆಮೇಲೆ ಹೆಚ್ಚು ಕಟ್ಟಡ ಕಟ್ಟಲೇ ಇಲ್ಲ. ಮೋಡ ಜಾಸ್ತಿ ಇರುವ ಊರಿನಲ್ಲಿ ಗುಮಾಸ್ತರ ಮೇಜಿಗೆ ಬೆಳಕು ಬೀಳಬೇಕು ಅನ್ನುವ ಸರಳ ವಿಚಾರ ಅವನದ್ದು.

ಬೀದಿಯ ಕೊನೆಗೆ ನದಿ, ಪಿಯರ್ ಹೆಡ್, ಪೋಸ್ಟ್‌ಕಾರ್ಡಿನಲ್ಲಿ ಬರುವ ಮೂರು ಕಟ್ಟಡಗಳು. ಬಂದರು ಕಚೇರಿ 1907ರದ್ದು, ಲಿವರ್ ಬಿಲ್ಡಿಂಗ್ 1911ರದ್ದು, ನಡುವಿನ ಕ್ಯೂನಾರ್ಡ್ ಅದಕ್ಕೂ ಈಚಿನದು. ಲಿವರ್ ಬಿಲ್ಡಿಂಗ್ ಕಲ್ಲಿನದ್ದು ಅಂತ ಕಾಣುತ್ತದೆ, ಆದರೆ ಒಳಗಿನ ಎಲುಬು ಕಬ್ಬಿಣ ಹಾಕಿದ ಕಾಂಕ್ರೀಟು. ಆ ರೀತಿಯ ದೊಡ್ಡ ಕಟ್ಟಡಗಳಲ್ಲಿ ತೀರಾ ಮೊದಮೊದಲಿನದು. ಗಡಿಯಾರದ ಮುಖ 25 ಅಡಿ, ಲಂಡನ್ನಿನ ಬಿಗ್ ಬೆನ್ ಗಡಿಯಾರಕ್ಕಿಂತ ದೊಡ್ಡದು. ಮೇಲಿನ ಎರಡು ಹಕ್ಕಿಗಳನ್ನು ಮಾಡಿದವನು ಕಾರ್ಲ್ ಬರ್ನಾರ್ಡ್ ಬಾರ್ಟೆಲ್ಸ್, ಜರ್ಮನ್. ಮೊದಲ ಮಹಾಯುದ್ಧ ಬಂದಾಗ, ಇಂಗ್ಲೆಂಡಿನಲ್ಲೇ ಮನೆ ಮಾಡಿಕೊಂಡಿದ್ದ ಅವನನ್ನು ಶತ್ರು ದೇಶದವನು ಅಂತ ಹಿಡಿದು ಇಟ್ಟರು. ಊರಿಗೆ ಗುರುತು ಕೊಟ್ಟವನಿಗೇ ಆ ಗತಿ.

ಎರಡು ಕ್ಯಾಥೆಡ್ರಲ್‌ಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ, ಮಕ್ಕಳು ಹೇಗೂ ಮೊದಲ ಭಾನುವಾರವೇ ಕರೆದುಕೊಂಡು ಹೋಗುತ್ತಾರೆ. ಆಂಗ್ಲಿಕನ್ ಚರ್ಚಿನ ಕೆಂಪು ಮರಳುಗಲ್ಲನ್ನು ಮಾತ್ರ ಹತ್ತಿರದಿಂದ ನೋಡಿ. 1904ರಲ್ಲಿ ಶುರುವಾದ ಕೆಲಸ 1978ರಲ್ಲಿ ಮುಗಿಯಿತು. ದೂರದಿಂದ ನಮ್ಮ ಜಂಬಿಟ್ಟಿಗೆಯ ಬಣ್ಣವೇ ಅನ್ನಿಸುತ್ತದೆ, ಹತ್ತಿರ ಹೋದರೆ ತೂತುಗಳಿಲ್ಲ, ಮರಳಿನ ಪದರ ಪದರ ಕಾಣುತ್ತದೆ. ಸೇಂಟ್ ಜಾರ್ಜ್ ಹಾಲ್‌ನ ನೆಲದಲ್ಲಿ 30,000ಕ್ಕೂ ಹೆಚ್ಚು ಮಿಂಟನ್ ಟೈಲ್‌ಗಳಿವೆ. ಅದನ್ನು ವರ್ಷದ ಹೆಚ್ಚು ದಿನ ಮರದ ಹಲಗೆಯಿಂದ ಮುಚ್ಚಿಟ್ಟಿರುತ್ತಾರೆ. ತೆರೆಯುವ ದಿನ ಯಾವುದು ಅಂತ ಕೇಳಿಟ್ಟುಕೊಳ್ಳಿ.

ಇಲ್ಲದ ಕಟ್ಟಡಗಳನ್ನೂ ನೋಡಬೇಕು. 1941ರ ಮೇ ತಿಂಗಳಲ್ಲಿ ಜರ್ಮನ್ ವಿಮಾನಗಳು ಈ ಊರಿನ ಮೇಲೆ ಒಂದು ವಾರ ರಾತ್ರಿ ರಾತ್ರಿ ಬಾಂಬ್ ಹಾಕಿದವು. ಹಳೇ ಬೀದಿಯ ನಡುವೆ ಒಂದೇ ಒಂದು ಹೊಸ ಕಟ್ಟಡ, ಅಥವಾ ಅರ್ಥವಿಲ್ಲದ ಖಾಲಿ ಜಾಗ ಕಂಡರೆ ಹಳೇ ನಕ್ಷೆ ತೆರೆಯಿರಿ, ಬಹಳ ಸಲ ಕಾರಣ ಅದೇ. ಸೇಂಟ್ ಲ್ಯೂಕ್ಸ್ ಚರ್ಚನ್ನು ಮಾತ್ರ ಸುಟ್ಟ ಹಾಗೇ, ಛಾವಣಿ ಇಲ್ಲದೇ ಉಳಿಸಿಕೊಂಡಿದ್ದಾರೆ. ಒಳಗೆ ನಿಂತರೆ ಮೇಲೆ ಆಕಾಶ. ನನಗೆ ಅಲ್ಲಿ 2018ರ ಆಗಸ್ಟ್ ನೆನಪಾಯಿತು. ಮಕ್ಕಂದೂರು ಕಡೆ ನಮ್ಮ ನೆಂಟರ ಮನೆ ಗುಡ್ಡದ ಜೊತೆಗೇ ಹೋಯಿತು. ಮೂರು ತಲೆಮಾರಿನ ಮನೆ. ಅದರ ಒಂದು ಒಳ್ಳೆಯ ಫೋಟೋ ಕೂಡ ನಮ್ಮ ಯಾರ ಹತ್ತಿರವೂ ಇಲ್ಲ, ಮದುವೆ ಫೋಟೋಗಳ ಹಿಂದೆ ಕಾಣುವ ಅರ್ಧ ಕಂಬ, ಒಂದು ಕಿಟಕಿ, ಅಷ್ಟೇ. ಲಿವರ್‌ಪೂಲ್‌ನವರು ಕಳೆದುಕೊಂಡದ್ದಕ್ಕೆ ನಕ್ಷೆ ಇದೆ, ಚಿತ್ರ ಇದೆ.

ಅದನ್ನೆಲ್ಲ ನೋಡಬೇಕು ಅಂದರೆ ವಿಲಿಯಂ ಬ್ರೌನ್ ಸ್ಟ್ರೀಟಿನ ಸೆಂಟ್ರಲ್ ಲೈಬ್ರರಿಗೆ ಹೋಗಿ. ಒಳಗೆ ಹೋಗಲು ದುಡ್ಡಿಲ್ಲ. ದಾಖಲೆಗಳ ವಿಭಾಗದಲ್ಲಿ ಪೆನ್ಸಿಲ್ ಮಾತ್ರ ಬಳಸಿ, ಪೆನ್ನು ಚೀಲದಲ್ಲೇ ಇರಲಿ. 1766ರಿಂದ ಶುರುವಾದ ಗೋರ್ಸ್ ಡೈರೆಕ್ಟರಿ ಅನ್ನುವ ಪುಸ್ತಕಗಳನ್ನು ಕೇಳಿ, ಯಾವ ವರ್ತಕ, ಯಾವ ಕುಶಲಕರ್ಮಿ ಎಲ್ಲಿದ್ದ ಅಂತ ಅದರಲ್ಲಿ ಸಿಗುತ್ತದೆ. ಸಂರಕ್ಷಿತ ಕಟ್ಟಡ ಯಾವುದು, ಯಾವ ದರ್ಜೆಯದು ಅಂತ ತಿಳಿಯಲು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಪಟ್ಟಿ ಆನ್‌ಲೈನಿನಲ್ಲೇ ಇದೆ. ಗ್ರೇಡ್ ಒನ್ ಅಂದರೆ ಅತಿ ಮುಖ್ಯ. ಕಾಗದ ಇದ್ದ ಮಾತ್ರಕ್ಕೆ ಎಲ್ಲ ಉಳಿಯುತ್ತದೆ ಅಂತಲ್ಲ. 2004ರಲ್ಲಿ ಯುನೆಸ್ಕೋ ಲಿವರ್‌ಪೂಲ್ ಬಂದರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು, ನದಿ ದಂಡೆಯಲ್ಲಿ ಹೊಸ ಕಟ್ಟಡಗಳು ಜಾಸ್ತಿಯಾದವು ಅಂತ 2021ರಲ್ಲಿ ತೆಗೆದುಹಾಕಿತು. ನಮ್ಮ ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಕಾಡುಗಳು 2012ರಿಂದ ಅದೇ ಪಟ್ಟಿಯಲ್ಲಿವೆ, ಹಾಗಾಗಿ ಈ ಸುದ್ದಿ ನಮಗೂ ಸಂಬಂಧಪಟ್ಟದ್ದೇ.

ಓಡಾಟದ ಬಗ್ಗೆ ಎರಡು ಮಾತು. ನಮ್ಮ ಮಳೆಗೆ ಹೆದರದವರು ಅಲ್ಲಿನ ಮಳೆಗೆ ಹೆದರಬೇಕಿಲ್ಲ, ಗಾಳಿ ಮಾತ್ರ ಬೇರೆ. ನದಿ ದಂಡೆಯಲ್ಲಿ ಕೊಡೆ ಒಂದು ನಿಮಿಷವೂ ನಿಲ್ಲುವುದಿಲ್ಲ, ಟೋಪಿ ಇರುವ ಜಾಕೆಟ್ ಹಾಕಿ. ಮೇ, ಜೂನ್ ಆದರೆ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಡಿಸೆಂಬರ್ ಆದರೆ ನಾಲ್ಕಕ್ಕೇ ಕತ್ತಲು. ಸೆಪ್ಟೆಂಬರ್‌ನಲ್ಲಿ ಇದ್ದರೆ ಹೆರಿಟೇಜ್ ಓಪನ್ ಡೇಸ್ ಅಂತ ನಡೆಯುತ್ತದೆ, ಬೇರೆ ದಿನ ಒಳಗೆ ಬಿಡದ ಕಟ್ಟಡಗಳನ್ನೂ ಆಗ ಪುಕ್ಕಟೆ ನೋಡಬಹುದು.

ವಾಪಸ್ ಬಂದ ಮೇಲೆ ನೋಟ್‌ಬುಕ್‌ನ ಉಳಿದ ಹಾಳೆಗಳನ್ನು ನಿಮ್ಮ ಐನ್‌ಮನೆಗೆ, ಅಂದರೆ ವಂಶದ ಹಿರಿಯ ಮನೆಗೆ, ಇಡಿ. ಹೊರಗಿನಿಂದ ನಾಲ್ಕೂ ಕಡೆ ಫೋಟೋ, ಆಮೇಲೆ ಕಂಬ, ಬಾಗಿಲು, ಕಿಟಕಿ, ಕಟ್ಟೆ, ಪ್ರತಿಯೊಂದರ ಪಕ್ಕ ಒಂದು ಅಳತೆ ಪಟ್ಟಿ. ಮನೆಯ ಹಿರಿಯರನ್ನು ಕೂರಿಸಿ, ಮರ ಯಾವ ಕಾಡಿನದು, ಕಲ್ಲು ಒಡೆದವರು ಯಾರು, ಹೊತ್ತವರು ಯಾರು ಅಂತ ಕೇಳಿ ರೆಕಾರ್ಡ್ ಮಾಡಿ. ಜೀತದಲ್ಲಿದ್ದ ಯರವ ಬುಡಕಟ್ಟಿನವರ ಹೆಸರು ಬಂದರೆ ಅದನ್ನೂ ಬರೆಯಿರಿ, ಲಿವರ್‌ಪೂಲ್‌ನವರಿಗೆ ಕೇಳಿದ ಪ್ರಶ್ನೆಯನ್ನು ನಮ್ಮ ಮನೆಗೆ ಕೇಳದೆ ಇರಲಾಗುವುದಿಲ್ಲ. ಛಾವಣಿ ರಿಪೇರಿಗೆ ಹೆಂಚು ಇಳಿಸಿದಾಗ ಒಂದನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅವರ ಅಚ್ಚು ಇದ್ದರೆ ಆ ಹೆಂಚು ಅದಕ್ಕಿಂತ ಹಳೆಯದಲ್ಲ. ಗೋಡೆ ಹಳೆಯದಿರಬಹುದು, ಮೊದಲು ಹುಲ್ಲಿನ ಮಾಡು ಇದ್ದಿರಬಹುದು, ಅದನ್ನು ಅಜ್ಜಿಯನ್ನು ಕೇಳಬೇಕು. ಅಚ್ಚಿನ ಫೋಟೋ ತೆಗೆಯುವಾಗ ಹೆಂಚನ್ನು ತೊಳೆಯಬೇಡಿ. ಒಣ ಬ್ರಶ್‌ನಲ್ಲಿ ಪಾಚಿ ಉದುರಿಸಿ, ಬೆಳಗಿನ ಓರೆ ಬಿಸಿಲಿಗೆ ಹಿಡಿಯಿರಿ, ಅಕ್ಷರ ಎದ್ದು ಕಾಣುತ್ತದೆ.